ಕೈಬಿಟ್ಟ ಹಾಡನ್ನು ಮರಳಿ ಸೇರಿಸುವುದು: ಅನಿಮೇಷನ್ ಚಿತ್ರಗಳು ಮತ್ತು ಕೋಲಾರ ಸೀಮೆಯ ಆಟಗಳು

ಅನಿಮೇಷನ್ ಚಿತ್ರದಿಂದ ತೆಗೆದುಹಾಕಿದ್ದ ಹಾಡನ್ನು ಎಷ್ಟೋ ವರ್ಷಗಳ ಮೇಲೆ ಮತ್ತೆ ಸೇರಿಸಿ ಹೊಸ ಪ್ರತಿ ಹೊರತರುವುದು ಈಗ ಅಪರೂಪದ ಸಂಗತಿಯಲ್ಲ. ಅಂಥ ಪ್ರತಿ ಬಂದಾಗಲೆಲ್ಲ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ: ಹಾಡು ಸೇರಿದ ಮೇಲೆ ಚಿತ್ರ ಚೆನ್ನಾಯಿತೋ, ಕೆಟ್ಟಿತೋ? ಈ ಟಿಪ್ಪಣಿ ಕೇಳುವುದು ಅದಕ್ಕೂ ಹಿಂದಿನ ಪ್ರಶ್ನೆಯನ್ನು. ತೆಗೆದ ದಿನ ಆ ಹಾಡು ಯಾವ ಸ್ಥಿತಿಯಲ್ಲಿತ್ತು? ಬರಿಯ ಕಾಗದದಲ್ಲಿತ್ತೋ, ಧ್ವನಿಮುದ್ರಣವಾಗಿತ್ತೋ, ಪೆನ್ಸಿಲ್ ರೇಖೆಯವರೆಗೆ ಬಂದಿತ್ತೋ, ಬಣ್ಣ ತುಂಬಿ ಮುಗಿದಿತ್ತೋ? ಇದನ್ನು ಗೊತ್ತುಮಾಡಿಕೊಳ್ಳದೆ ‘ಮರುಸೇರ್ಪಡೆ’ ಎಂದುಬಿಟ್ಟರೆ ನಾಲ್ಕು ಬೇರೆ ಬೇರೆ ಕೆಲಸಗಳಿಗೆ ಒಂದೇ ಚೀಟಿ ಅಂಟಿಸಿದಂತಾಗುತ್ತದೆ.

ಈ ಪ್ರಶ್ನೆಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಪರದೆಯ ಹಿಂದೆ ದೀಪವಿಟ್ಟು, ಚಿತ್ರವನ್ನು ಆಡಿಸಿ, ಅದಕ್ಕೆ ಹಾಡು ಕೂಡಿಸಿ ಕಥೆ ಹೇಳುವ ಕಲೆ ಈ ಸೀಮೆಗೆ ಸಿನಿಮಾದ ಜೊತೆ ಬಂದದ್ದಲ್ಲ. ತೊಗಲುಗೊಂಬೆಯಾಟದಲ್ಲೂ ಊರಿನ ಪೌರಾಣಿಕ ನಾಟಕದಲ್ಲೂ ಹಾಡು ಕತ್ತರಿಸುವುದು, ಕತ್ತರಿಸಿದ್ದನ್ನು ಮತ್ತೆ ಹಾಡುವುದು ದಿನನಿತ್ಯದ ಮಾತು. ಅನಿಮೇಷನ್ ಚಿತ್ರಗಳನ್ನೂ ಈ ಆಟಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಉಳಿದಿರುವ ಸಾಮಗ್ರಿ ಒಂದಕ್ಕೊಂದು ತಿರುವುಮುರುವಾಗಿ ಕಾಣುತ್ತದೆ. ಅಲ್ಲಿ ಹಾಡು ಉಳಿದು ಚಿತ್ರ ಇಲ್ಲವಾಗಿದೆ. ಇಲ್ಲಿ ಚಿತ್ರ ಉಳಿದು ಹಾಡು ಇಲ್ಲವಾಗುತ್ತಿದೆ.

ಮೊದಲು ಅಲ್ಲಿಯದು. ಅನಿಮೇಷನ್ ಚಿತ್ರದಲ್ಲಿ ಹಾಡು ಚಿತ್ರಕ್ಕಿಂತ ಮುಂಚೆ ಹುಟ್ಟುತ್ತದೆ. ಸಂಗೀತಗಾರ ಪಿಯಾನೊ ನುಡಿಸಿಕೊಂಡು ಹಾಡಿದ ಕರಡು ಮೊದಲು. ಆಮೇಲೆ ಕಥಾಫಲಕದ ಬಿಡಿ ಚಿತ್ರಗಳು. ನಂತರ ಗಾಯಕರ ಧ್ವನಿಮುದ್ರಣ. ಅದರ ಅಳತೆಗೆ ಪೆನ್ಸಿಲ್ ರೇಖೆ. ಕೊನೆಗೆ ಶಾಯಿ, ಬಣ್ಣ. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸಿದರೂ ಮೂರು ನಿಮಿಷದ ಹಾಡಿನಲ್ಲಿ ಒಂದು ಪಾತ್ರಕ್ಕೆ 2160 ಚಿತ್ರ ಬೇಕು. ಹೀಗಾಗಿ ಸ್ಟುಡಿಯೋಗಳು ಕತ್ತರಿಯನ್ನು ಆದಷ್ಟು ಬೇಗ, ಬಣ್ಣಕ್ಕೆ ದುಡ್ಡು ಸುರಿಯುವ ಮೊದಲೇ, ಆಡಿಸುತ್ತವೆ. ಕತ್ತರಿಸಿದ ಹಾಡು ಬಹುಮಟ್ಟಿಗೆ ಧ್ವನಿಯಾಗಿ ಉಳಿಯುತ್ತದೆ, ಚಿತ್ರವಾಗಿ ಅಲ್ಲ.

1937ರ ಡಿಸೆಂಬರ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ ಕಂಡ ‘ಸ್ನೋ ವೈಟ್ ಅಂಡ್ ದ ಸೆವೆನ್ ಡ್ವಾರ್ಫ್ಸ್’ ಬಣ್ಣಕ್ಕೆ ಮೊದಲೇ ಕತ್ತರಿಸಿದ್ದಕ್ಕೆ ಹಳೆಯ ಉದಾಹರಣೆ. ಕುಳ್ಳರು ಸದ್ದು ಮಾಡುತ್ತ ಸೂಪು ಕುಡಿಯುವ ಹಾಡಿನ ದೃಶ್ಯವನ್ನು ವಾರ್ಡ್ ಕಿಂಬಾಲ್ ಪೆನ್ಸಿಲ್‌ನಲ್ಲಿ ಪೂರ್ತಿ ಚಿತ್ರಿಸಿದ್ದರು. ಕಥೆ ನಿಂತಲ್ಲೇ ನಿಲ್ಲುತ್ತದೆಂದು ವಾಲ್ಟ್ ಡಿಸ್ನಿ ಅದನ್ನು ಬಿಟ್ಟರು. 1956ರಲ್ಲಿ ಡಿಸ್ನಿಯ ಟಿವಿ ಕಾರ್ಯಕ್ರಮದಲ್ಲಿ ಅದು ಪೆನ್ಸಿಲ್ ರೇಖೆಯಲ್ಲೇ ಪ್ರಸಾರವಾಯಿತು. ಬಣ್ಣ ತುಂಬಲಿಲ್ಲ, ಚಿತ್ರದೊಳಗೆ ತೂರಿಸಲೂ ಇಲ್ಲ. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಅತ್ಯಂತ ಪ್ರಾಮಾಣಿಕವಾದ ಮರುಪ್ರದರ್ಶನ ಅದೇ: ಎಲ್ಲಿಗೆ ಕೆಲಸ ನಿಂತಿತ್ತೋ ಅಲ್ಲಿಗೇ ನಿಲ್ಲಿಸಿ ತೋರಿಸಿದರು.

‘ಫ್ಯಾಂಟೇಸಿಯಾ’ದ ಕಥೆ ಜಟಿಲ. ಡೆಬ್ಯೂಸಿಯ ‘ಕ್ಲೇರ್ ದ ಲ್ಯೂನ್’ಗೆ ಬೆಳದಿಂಗಳ ಜೌಗುನೆಲ, ಹಾರುವ ಬೆಳ್ಳಕ್ಕಿಗಳ ದೃಶ್ಯವನ್ನು ಮುಗಿಸಿಟ್ಟಿದ್ದರು. ಚಿತ್ರ ಉದ್ದವಾಯಿತೆಂದು 1940ರ ಬಿಡುಗಡೆಗೆ ಮೊದಲೇ ಅದು ಹೊರಬಿತ್ತು. ಬಣ್ಣ ತುಂಬಿದ ಚಿತ್ರ ಸುಮ್ಮನೆ ಕೊಳೆಯಬಾರದಲ್ಲ! 1946ರ ‘ಮೇಕ್ ಮೈನ್ ಮ್ಯೂಸಿಕ್’ನಲ್ಲಿ ಅದೇ ಬೆಳ್ಳಕ್ಕಿಗಳ ಮೇಲೆ ಬೇರೆ ಹಾಡೊಂದನ್ನು ಹೊದಿಸಿ ‘ಬ್ಲೂ ಬಯೂ’ ಎಂದು ಹೊರತಂದರು. ಚಿತ್ರ ಉಳಿಯಿತು, ಅದರ ಸಂಗೀತ ಹೋಯಿತು. 1992ರಲ್ಲಿ ಮೂಲದ ಕೆಲಸದ ಪ್ರತಿ ಸಿಕ್ಕಿತು. ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ನಡೆಸಿದ ವಾದ್ಯವೃಂದದ ಧ್ವನಿಮುದ್ರಣದೊಡನೆ 1996ರಲ್ಲಿ ಅದು ಮೂಲರೂಪಕ್ಕೆ ಬಂತು. ಮುಗಿದಿದ್ದ ಕೃತಿ, ಅದೇ ಚಿತ್ರ, ಅದೇ ನಾದ. ‘ಮರುಸೇರ್ಪಡೆ’ ಎಂಬ ಮಾತು ನಿಜವಾಗಿ ಒಪ್ಪುವುದು ಇಂಥದಕ್ಕೆ.

ಅದೇ ‘ಫ್ಯಾಂಟೇಸಿಯಾ’ ಇನ್ನೊಂದು ಪಾಠವನ್ನೂ ಕೊಡುತ್ತದೆ. ಮೊದಲು ಸುಮಾರು 125 ನಿಮಿಷವಿದ್ದ ಚಿತ್ರವನ್ನು 1942ರ ಸಾಮಾನ್ಯ ಬಿಡುಗಡೆಗಾಗಿ 81 ನಿಮಿಷಕ್ಕೆ ಇಳಿಸಿದ್ದರು. 2000ದ ಡಿವಿಡಿಗಾಗಿ ನಿರೂಪಕ ಡೀಮ್ಸ್ ಟೇಲರ್ ಅವರ ಕತ್ತರಿಸಿದ ಮಾತುಗಳನ್ನೆಲ್ಲ ಮರಳಿ ಸೇರಿಸಲು ಹೊರಟಾಗ ಚಿತ್ರದ ಭಾಗ ಸಿಕ್ಕಿತು, ಧ್ವನಿಯ ಭಾಗ ಹಾಳಾಗಿತ್ತು. ಟೇಲರ್ ತೀರಿಕೊಂಡು ದಶಕಗಳಾಗಿದ್ದವು. ಕೊನೆಗೆ ಕೋರಿ ಬರ್ಟನ್ ಎಂಬ ಕಂಠದಾನ ಕಲಾವಿದರು ಟೇಲರ್ ಮಾತುಗಳನ್ನೆಲ್ಲ, ಮೂಲಧ್ವನಿ ಉಳಿದಿದ್ದವನ್ನೂ ಸೇರಿಸಿ, ಹೊಸದಾಗಿ ನುಡಿದರು. ಧ್ವನಿ ಎಲ್ಲ ಕಡೆ ಒಂದೇ ತೆರನಾಗಿರಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಕಳೆದುಹೋದ ಕೆಲವು ನಿಮಿಷಗಳಿಗಾಗಿ ಕೈಯಲ್ಲಿದ್ದ ಮೂಲಧ್ವನಿಯನ್ನೂ ಮುಚ್ಚಿಬಿಟ್ಟರು. ಗ್ರಂಥಸಂಪಾದನೆಯಲ್ಲಿ ಹೀಗೆ ಮಾಡಿದರೆ, ಅಂದರೆ ತಾಳೆಗರಿಯ ಒಂದು ಪುಟ ಮುರಿದಿದೆಯೆಂದು ಇಡೀ ಕಟ್ಟನ್ನು ಹೊಸ ಕೈಬರಹದಲ್ಲಿ ಬರೆಸಿ ಹಳೆಯದನ್ನು ಅಟ್ಟಕ್ಕೆ ಹಾಕಿದರೆ, ನಾವು ಒಪ್ಪುತ್ತಿದ್ದೆವೆ?

ಹೆಚ್ಚು ಚರ್ಚೆಗೆ ಒಳಗಾದದ್ದು ‘ಬ್ಯೂಟಿ ಅಂಡ್ ದ ಬೀಸ್ಟ್’ ಚಿತ್ರದ ‘ಹ್ಯೂಮನ್ ಅಗೇನ್’. ಹಾವರ್ಡ್ ಆಶ್‌ಮನ್ ಸಾಹಿತ್ಯ, ಆಲನ್ ಮೆಂಕೆನ್ ಸಂಗೀತ. ಶಾಪಗ್ರಸ್ತ ಮನೆವಾರ್ತೆಯ ಸಾಮಾನುಗಳು ತಾವು ಮತ್ತೆ ಮನುಷ್ಯರಾಗುವ ಕನಸು ಕಾಣುವ ದೀರ್ಘ ಹಾಡು. ಅದರಲ್ಲಿ ತಿಂಗಳುಗಳು ಉರುಳುತ್ತವೆ. ಹಾಗಾದರೆ ಮಗಳನ್ನು ಬಿಡಿಸಲು ಹೊರಟ ನಾಯಕಿಯ ಮುದಿ ತಂದೆ ಅಷ್ಟೂ ತಿಂಗಳು ಕಾಡಿನಲ್ಲಿ ಏನು ಮಾಡುತ್ತಿದ್ದ? ಈ ಗಂಟು ಬಿಡಿಸಲಾಗದೆ ಹಾಡನ್ನೇ ಬಿಟ್ಟು, ಅದರ ಜಾಗಕ್ಕೆ ಚಿಕ್ಕದಾದ ಇನ್ನೊಂದು ಹಾಡನ್ನು ಬರೆದರು. ಆಶ್‌ಮನ್ 1991ರ ಮಾರ್ಚ್‌ನಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಅದೇ ವರ್ಷದ ಕೊನೆಗೆ. 1994ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದಾಗ ಈ ಹಾಡು ಮತ್ತೆ ಜೀವ ಪಡೆಯಿತು. ರಂಗದ ಯಶಸ್ಸನ್ನು ನೋಡಿಕೊಂಡು 2002ರ ದೊಡ್ಡ ಪರದೆಯ ಮರುಬಿಡುಗಡೆಗಾಗಿ ಅದನ್ನು ಹೊಸದಾಗಿ ಚಿತ್ರಿಸಿದರು. ಆ್ಯಂಜೆಲಾ ಲ್ಯಾನ್ಸ್‌ಬರಿ, ಜೆರಿ ಓರ್ಬಾಕ್, ಡೇವಿಡ್ ಓಗ್ಡನ್ ಸ್ಟೈರ್ಸ್ ಮತ್ತೆ ಬಂದು ಹಾಡಿದರು.

ಇಲ್ಲಿ ಕಾಲದ ಪದರಗಳನ್ನು ಬಿಡಿಸಿ ನೋಡಬೇಕು. ಪದಗಳು ತೀರಿಹೋದ ಕವಿಯವು. ಹಾಡಿನ ಉದ್ದ ರಂಗಭೂಮಿ ತಿದ್ದಿ ಕೊಟ್ಟದ್ದು. ಕಂಠ ಹತ್ತು ವರ್ಷ ಮಾಗಿದ್ದು. ರೇಖೆ ಮತ್ತು ಬಣ್ಣ ಹೊಸ ಶತಮಾನದ್ದು. 1991ರಲ್ಲಿ ಈ ದೃಶ್ಯ ಚಿತ್ರವಾಗಿ ಇರಲೇ ಇಲ್ಲ. ಆದ್ದರಿಂದ 2002ರ ಪ್ರತಿಯನ್ನು ‘ಮೂಲ ಆಶಯ’ ಎಂದು ಕರೆಯುವುದು ಸಲ್ಲದು. ಅದು ಹಳೆಯ ಸಾಹಿತ್ಯಕ್ಕೆ ಹೊಸದಾಗಿ ಮಾಡಿದ ಸಂಯೋಜನೆ. ಆದರೂ ಆ ಪ್ರತಿಯ ಡಿವಿಡಿಯನ್ನು ಸಿದ್ಧಪಡಿಸಿದವರ ಒಂದು ತೀರ್ಮಾನವನ್ನು ಮೆಚ್ಚಲೇಬೇಕು. 1991ರ ಮೂಲ ಬಿಡುಗಡೆಯ ಪ್ರತಿ, ಹಾಡು ಸೇರಿಸಿದ ಪ್ರತಿ, ಮತ್ತು 1991ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ತೋರಿಸಿದ ಅರೆಮುಗಿದ ಪ್ರತಿ, ಮೂರನ್ನೂ ಒಟ್ಟಿಗೆ ಕೊಟ್ಟು ಆಯ್ಕೆಯನ್ನು ನೋಡುವವರಿಗೆ ಬಿಟ್ಟರು. ಪಾಠಾಂತರಗಳನ್ನು ಅಡಿಟಿಪ್ಪಣಿಗೆ ತಳ್ಳದೆ ಸಮಾನವಾಗಿ ಮುಂದಿಡುವ ಇಂಥ ಕ್ರಮ ಮುದ್ರಿತ ಗ್ರಂಥಗಳಲ್ಲೂ ವಿರಳ.

‘ಪೊಕಹಾಂಟಸ್’ (1995) ಚಿತ್ರದ ‘ಇಫ್ ಐ ನೆವರ್ ನ್ಯೂ ಯೂ’ ನಡುವಿನ ಸ್ಥಿತಿಯದು. ಸೆರೆಯಲ್ಲಿರುವ ನಾಯಕ, ಅವನನ್ನು ನೋಡಲು ಬಂದ ನಾಯಕಿ, ಇಬ್ಬರ ಹಾಡು. ದೃಶ್ಯದ ಬಹುಪಾಲು ಚಿತ್ರಿಸಿ ಆಗಿತ್ತು. ಪರೀಕ್ಷಾ ಪ್ರದರ್ಶನದಲ್ಲಿ ಈ ಹಾಡು ಬಂದಾಗ ಮಕ್ಕಳು ಕುಳಿತಲ್ಲಿ ಕುಳಿತಿರಲಿಲ್ಲ. ಸಂಗೀತ ನಿರ್ದೇಶಕ ಮೆಂಕೆನ್ ಅವರೇ ತೆಗೆಯಲು ಒಪ್ಪಿದರು. ಚಿತ್ರದ ಹತ್ತನೆಯ ವರ್ಷದ ನೆಪದಲ್ಲಿ 2005ರ ಡಿವಿಡಿಗಾಗಿ ಉಳಿದ ಕೆಲಸ ಮುಗಿಸಿ ಸೇರಿಸಿದರು. ಕಿವಿಗೊಟ್ಟು ಕೇಳಿದವರಿಗೆ ಇನ್ನೊಂದು ಸೂಕ್ಷ್ಮ ಹೊಳೆಯುತ್ತದೆ. 1995ರ ಪ್ರತಿಯ ಹಿನ್ನೆಲೆ ಸಂಗೀತದಲ್ಲಿ ಈ ಹಾಡಿನ ಮಟ್ಟು ವಾದ್ಯಗಳಲ್ಲಿ ಸುಳಿದುಹೋಗುತ್ತದೆ. ಹಾಡನ್ನು ಕೇಳಿಯೇ ಇಲ್ಲದ ಪ್ರೇಕ್ಷಕನಿಗೆ ಅದು ತಂದೆತಾಯಿ ಇಲ್ಲದ ರಾಗ. ಹಾಡು ಸೇರಿದ ಪ್ರತಿಯಲ್ಲಿ ಅದೇ ಮಟ್ಟು ಸ್ಮರಣೆಯಾಗಿ ಕೆಲಸ ಮಾಡುತ್ತದೆ. ಕತ್ತರಿಸಿದ ಹಾಡು ಚಿತ್ರದ ಬೇರೆ ಭಾಗಗಳಲ್ಲಿ ಗುರುತು ಬಿಟ್ಟಿದ್ದರೆ ಅದರ ಮರುಸೇರ್ಪಡೆಗೆ ಬಲವಾದ ಆಧಾರವಿದೆ ಎಂದು ಇದರಿಂದ ಹೇಳಬಹುದು. ಮಕ್ಕಳು ಮಿಸುಕಾಡಿದರೋ ಇಲ್ಲವೋ ಎಂಬುದಕ್ಕಿಂತ ಇದು ಗಟ್ಟಿಯಾದ ಅಳತೆಗೋಲು.

‘ದ ಲಯನ್ ಕಿಂಗ್’ ಚಿತ್ರದ ‘ದ ಮಾರ್ನಿಂಗ್ ರಿಪೋರ್ಟ್’ ಅನ್ನು ಈ ಸಾಲಿಗೆ ಸೇರಿಸುವುದು ತಪ್ಪು. 1994ರ ಚಿತ್ರದಲ್ಲಿ ಅದು ಬರಿಯ ಮಾತು. ಹಾಡಾದದ್ದು 1997ರ ರಂಗರೂಪಕ್ಕಾಗಿ. 2003ರ ಡಿವಿಡಿಗೆ ಅದನ್ನು ಬೇರೆ ಕಂಠಗಳಿಂದ ಹಾಡಿಸಿ ಹಳೆಯ ಮಾತಿನ ಜಾಗಕ್ಕೆ ತುರುಕಿದರು. 2011ರ ಬ್ಲೂ-ರೇ ಹೊತ್ತಿಗೆ ಮುಖ್ಯ ಚಿತ್ರದಿಂದ ಅದು ಮಾಯವಾಗಿತ್ತು. ಸರಿಯಾದದ್ದೇ ಆಯಿತು. ‘ದ ಜಂಗಲ್ ಬುಕ್’ಗೆ (1967) ಟೆರಿ ಗಿಲ್ಕಿಸನ್ ಮೊದಲು ಬರೆದ ಹಾಡುಗಳಲ್ಲಿ ಒಂದನ್ನುಳಿದು ಎಲ್ಲವೂ ಬಿದ್ದುಹೋದವು, ವಾಲ್ಟ್ ಡಿಸ್ನಿಗೆ ಅವು ತೀರ ಗಂಭೀರವೆನಿಸಿದವು. ಅವುಗಳ ಕರಡು ಮುದ್ರಣ ಈಗ ಕೇಳಸಿಗುತ್ತದೆ, ಆದರೆ ಯಾರೂ ಚಿತ್ರದೊಳಗೆ ಸೇರಿಸಲು ಹೋಗಿಲ್ಲ. ಆ ಹಾಡುಗಳು ಬಯಸುವ ಚಿತ್ರವೇ ಬೇರೆ.

ಭಾರತದ ಕಡೆಗೆ ಬಂದರೆ, 1956ರಲ್ಲಿ ಡಿಸ್ನಿಯ ಚಿತ್ರಕಾರ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ವ್ಯಂಗ್ಯಚಿತ್ರ ಘಟಕದವರಿಗೆ ತರಬೇತಿ ಕೊಟ್ಟರು. ಅಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಮುಂದೆ ಅವರು ಜಪಾನಿನ ಯುಗೊ ಸಾಕೊ, ಕೊಯಿಚಿ ಸಸಾಕಿ ಅವರೊಂದಿಗೆ ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಚಿತ್ರವನ್ನು ನಿರ್ದೇಶಿಸಿದರು. ಸಂಗೀತ ವನರಾಜ್ ಭಾಟಿಯಾ. ಇಂಗ್ಲಿಷ್ ಮಾತುಗಳ ಮೂಲಪ್ರತಿಯಲ್ಲಿ ಹಾಡುಗಳು ಸಂಸ್ಕೃತದಲ್ಲಿದ್ದವು. ಅಮೆರಿಕದ ಪ್ರೇಕ್ಷಕರಿಗಾಗಿ ಅದನ್ನು ಮೊಟಕುಗೊಳಿಸಿ, ಜೇಮ್ಸ್ ಅರ್ಲ್ ಜೋನ್ಸ್ ನಿರೂಪಣೆ ಸೇರಿಸಿ ‘ದ ಪ್ರಿನ್ಸ್ ಆಫ್ ಲೈಟ್’ ಎಂಬ ಹೆಸರಿನಲ್ಲಿ ಹೊರತಂದರು. 2025ರ ಜನವರಿ 24ರಂದು ಮೂಲ ಚಿತ್ರ 4ಕೆ ರೂಪದಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂತು. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಹೊಸದಾಗಿ ಆಯಿತು.

ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. 2019ರ ‘ದ ಲಯನ್ ಕಿಂಗ್’, ಅದೇ ವರ್ಷದ ‘ಫ್ರೋಜನ್ 2’ ಇವೂ ಹಿಂದಿ, ತಮಿಳು, ತೆಲುಗಿಗೇ ನಿಂತವು. ಡಬ್ಬಿಂಗ್‌ಗೆ ಅಡ್ಡಿಪಡಿಸಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಕನ್ನಡ ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ವಿಧಿಸಿದ ಮೇಲೂ ಅನಿಮೇಷನ್ ಹಾಡುಗಳು ಕನ್ನಡಕ್ಕೆ ಬರುವುದು ನಿಧಾನವಾಯಿತು. ಪುಂಗನೂರು, ಪಲಮನೇರು, ಮದನಪಲ್ಲಿಗಳ ಪಕ್ಕದ ಮುಳಬಾಗಿಲು ಮತ್ತು ಶ್ರೀನಿವಾಸಪುರದ ಮಗುವಿಗೆ ತೆಲುಗು ಪರಭಾಷೆಯಲ್ಲ, ಆದ್ದರಿಂದ ಆ ಮಗು ನಷ್ಟವನ್ನು ಅಷ್ಟಾಗಿ ಗಮನಿಸದು. ಹೊಸೂರಿನ ಕಡೆಗೆ ಮುಖಮಾಡಿದ ಮಾಲೂರಿನಲ್ಲಿ ತಮಿಳು ಕಿವಿಗೆ ಬೀಳುತ್ತದೆ. ಆದರೆ ಸಂಶೋಧಕ ಇದನ್ನು ದಾಖಲಿಸಲೇಬೇಕು: ಈ ಚಿತ್ರಗಳ ಮಟ್ಟಿಗೆ ಕನ್ನಡದಲ್ಲಿ ಮರಳಿ ಸೇರಿಸಲು ಹಾಡೇ ಇಲ್ಲ, ಏಕೆಂದರೆ ಕತ್ತರಿಸುವುದಕ್ಕೆ ಮೊದಲು ಹಾಡಿರಬೇಕು.

ಈಗ ಇಲ್ಲಿಯದು. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಕುಟುಂಬಗಳ ಮನೆಮಾತು ಮರಾಠಿ ಬಳಗದ್ದು. ಆಟದ ಮಾತು ಆಡುವ ಊರಿನದು. ಕೋಲಾರದ ಮೂಡಣ ಅಂಚಿನಲ್ಲಿ ಊರಿನ ಮಾತೇ ಎರಡು. ಗಡಿಯಾಚೆ ಆಂಧ್ರದ ನಿಮ್ಮಲಕುಂಟದಲ್ಲಿ ಆಳೆತ್ತರದ ಗೊಂಬೆಗಳನ್ನು ಆಡಿಸುವವರೂ ಮೂಲದಲ್ಲಿ ಮರಾಠಿ ಮಾತಿನವರೇ. ಅವರಲ್ಲಿ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ತೆಲುಗಿನ ತೋಲುಬೊಮ್ಮಲಾಟ ‘ರಂಗನಾಥ ರಾಮಾಯಣ’ವನ್ನು ಆಧರಿಸುತ್ತದೆ. ಕನ್ನಡದ ಆಟಕ್ಕೆ ಅಂಥ ಒಂದೇ ಲಿಖಿತ ಆಧಾರವಿಲ್ಲ. ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗಳಿಗೆ ಹಾಡು ದಾಟುತ್ತದೆ. ಗೊಂಬೆ ಗಂಡಸಿನ ಕೈಯಲ್ಲಿದ್ದರೂ ಹಾಡಿನ ಭಂಡಾರ ಬಹಳ ಮಟ್ಟಿಗೆ ಹೆಂಗಸರದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಅವರಿಗೆ 90 ದಾಟಿತ್ತು. ಅಂಥವರ ಕಂಠದಲ್ಲಿ ಎಷ್ಟು ಇದೆಯೋ ಪರಂಪರೆ ಅಷ್ಟೇ ಉದ್ದ.

ಹಿಂದೆ ಮಳೆ ಬಾರದಿದ್ದಾಗ, ದನಗಳಿಗೆ ರೋಗ ಬಂದಾಗ ಊರವರು ಆಡಿಸುತ್ತಿದ್ದ ಆಟ ರಾತ್ರಿಯಿಡೀ ನಡೆಯುತ್ತಿತ್ತು. ಸರಕಾರಿ ಉತ್ಸವದ ವೇದಿಕೆ ಅದಕ್ಕೆ ಒಂದು ಗಂಟೆಯನ್ನೋ ಅರ್ಧ ಗಂಟೆಯನ್ನೋ ಕೊಡುತ್ತದೆ. ಆಗ ಮೊದಲು ಬೀಳುವುದು ಹಾಡು. ಯುದ್ಧ ಉಳಿಯುತ್ತದೆ, ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯಪಾತ್ರಗಳ ತಮಾಷೆ ಉಳಿಯುತ್ತದೆ, ಲಂಕಾದಹನ ಖಂಡಿತ ಉಳಿಯುತ್ತದೆ. ಸೀತೆ ಅಶೋಕವನದಲ್ಲಿ ಕುಳಿತು ಹಾಡುವುದನ್ನು ನೋಡುವಷ್ಟು ತಾಳ್ಮೆ ಉದ್ಘಾಟನೆಗೆ ಬಂದ ಗಣ್ಯರಿಗೆ ಇರುವುದಿಲ್ಲ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಸಿದ ತೊಗಲುಗೊಂಬೆಗಳ ಸಂಗ್ರಹವಿದೆ. ರಾಮನಗರದ ಬಳಿಯ ಜಾನಪದ ಲೋಕದಲ್ಲೂ ಗೊಂಬೆಗಳಿವೆ. ಚರ್ಮವನ್ನು ಹುಳುವಿನಿಂದಲೂ ತೇವದಿಂದಲೂ ಕಾಪಾಡಿ, ಬೆಳಕಿಗೆ ಹಿಡಿದು, ಬಣ್ಣದ ಸೊಗಸನ್ನು ತೋರಿಸುವ ಕೆಲಸ ಚೆನ್ನಾಗಿಯೇ ನಡೆದಿದೆ. ಗೊಂಬೆಗೆ ಸಿಕ್ಕ ಈ ವ್ಯವಸ್ಥಿತ ಆರೈಕೆ ಹಾಡಿಗೆ ಸಿಕ್ಕಿಲ್ಲ ಎಂಬುದು ನನ್ನ ಆಕ್ಷೇಪ. ಆಶ್‌ಮನ್‌ನ ಹಾಡಿಗೆ ಚಿತ್ರ ಬೇಕಾಗಿತ್ತು. ಹೊಸದಾಗಿ ಬರೆಯಲು ಸ್ಟುಡಿಯೋದಲ್ಲಿ ಹಣವೂ ಜನವೂ ಇತ್ತು. ಗಾಜಿನ ಹಿಂದಿನ ಗೊಂಬೆಗೆ ಹಾಡು ಬೇಕಾಗಿದೆ. ಅದನ್ನು ಹಣ ಕೊಟ್ಟು ಬರೆಸಲಾಗದು.

ಆದರೂ ಗೊಂಬೆಯೇ ಕೆಲವು ಸುಳಿವು ಕೊಡುತ್ತದೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಕೈಕಾಲು ಆಡುವ ಬಿಡಿ ಪಾತ್ರಗಳಲ್ಲದೆ, ಇಡೀ ಸನ್ನಿವೇಶವನ್ನು ಒಂದೇ ಚರ್ಮದಲ್ಲಿ ಕೊರೆದ ದೊಡ್ಡ ಗೊಂಬೆಗಳಿವೆ: ರಾವಣನ ಆಸ್ಥಾನ, ಪಟ್ಟಾಭಿಷೇಕ, ಪರಿವಾರ ಸಮೇತ ರಥ. ಇವುಗಳಲ್ಲಿ ಚಲನೆ ಇಲ್ಲವೆನ್ನುವಷ್ಟು ಕಡಿಮೆ. ಚಲನೆಯಿಲ್ಲದ ಚಿತ್ರ ಪರದೆಯ ಮೇಲೆ ನಿಲ್ಲಬೇಕಾದರೆ ಕಿವಿಗೆ ಏನಾದರೂ ಬೇಕು. ಹಾಗಾಗಿ ಒಂದು ಕುಟುಂಬದ ಪೆಟ್ಟಿಗೆಯಲ್ಲಿ ಇಂಥ ಸನ್ನಿವೇಶದ ಗೊಂಬೆ ಇದ್ದು, ಈಗಿನ ಆಟದಲ್ಲಿ ಅಲ್ಲಿ ಹಾಡಿಲ್ಲದಿದ್ದರೆ, ಅಲ್ಲೊಂದು ದೀರ್ಘ ಹಾಡು ಅಥವಾ ವರ್ಣನೆ ಇದ್ದಿರಬೇಕೆಂದು ಊಹಿಸಬಹುದು. ಒಂದೇ ಪಾತ್ರಕ್ಕೆ ವಯಸ್ಸಿಗೊಂದು, ಭಾವಕ್ಕೊಂದು ಗೊಂಬೆ ಮಾಡಿರುವುದನ್ನೂ ಹೀಗೇ ಓದಬಹುದು. ಬಳಕೆಯಾಗದೆ ಬಣ್ಣ ಮಾಸದ ಗೊಂಬೆ ಸಿಕ್ಕರೆ, ಅದರ ಭಾಗ ಆಟದಿಂದ ಬಿದ್ದುಹೋಗಿರುವ ಸಂಭವವನ್ನು ಮೊದಲು ಪರೀಕ್ಷಿಸಬೇಕು. ‘ಪೊಕಹಾಂಟಸ್’ನ ಹಿನ್ನೆಲೆ ಸಂಗೀತದಲ್ಲಿ ಉಳಿದ ಮಟ್ಟು ಮಾಡುವ ಕೆಲಸವನ್ನು ಇಲ್ಲಿ ಚರ್ಮ ಮಾಡುತ್ತದೆ.

ಹೊಸ ಹಾಡು ಸೇರಿಸಬಾರದೆಂದಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನು ತೊಗಲುಗೊಂಬೆಗೆ ತಂದರು. ಗೊಂಬೆಯೂ ಹೊಸದು, ಹಾಡೂ ಹೊಸದು, ಹೊಸದೆಂದೇ ಎಲ್ಲರಿಗೂ ಗೊತ್ತಿತ್ತು. ತೊಂದರೆ ಇರುವುದು ಹೊಸದನ್ನು ಹಳೆಯದೆಂದು ದಾಟಿಸುವಲ್ಲಿ.

ಇನ್ನು ಪೌರಾಣಿಕ ನಾಟಕ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಸುತ್ತಮುತ್ತ ‘ಕುರುಕ್ಷೇತ್ರ’ ಕಟ್ಟುತ್ತಾರೆ. ಪದ್ಯ ಕನ್ನಡದಲ್ಲಿರಬಹುದು, ತೆಲುಗಿನಲ್ಲಿರಬಹುದು. ತಿರುಪತಿ ವೆಂಕಟ ಕವಿಗಳ ಪಾಂಡವರ ನಾಟಕಗಳ ಪದ್ಯಗಳ ಮೋಹ ಗಡಿಯನ್ನು ಲೆಕ್ಕಿಸಿದ್ದಲ್ಲ. ಕಲಿಸುವುದು ಹಾರ್ಮೋನಿಯಂ ಮೇಷ್ಟ್ರು. ಪಾರ್ಟಿಗೆ ಇಷ್ಟೆಂದು ದುಡ್ಡು ಕಟ್ಟಿದವರು ಪಾತ್ರಧಾರಿಗಳು. ಕೃಷ್ಣನ ಪಾರ್ಟಿಗೂ ದುರ್ಯೋಧನನ ಪಾರ್ಟಿಗೂ ಬೆಲೆ ಹೆಚ್ಚು. ಕೃಷ್ಣನನ್ನು ಇಬ್ಬರು ಮೂವರು ಹಂಚಿಕೊಳ್ಳುವುದೂ ಉಂಟು. ಬೆಳಗಿನ ಜಾವ ನಾಲ್ಕಾದರೂ ಯುದ್ಧ ಶುರುವಾಗದಿದ್ದಾಗ ಮೇಷ್ಟ್ರು ಪದ್ಯಗಳನ್ನು ಹಾರಿಸತೊಡಗುತ್ತಾರೆ. ಆಗ ಜಗಳ ಏಳುತ್ತದೆ. ದುಡ್ಡು ಕಟ್ಟಿ, ಮೂರು ತಿಂಗಳು ರಾತ್ರಿ ನಿದ್ದೆಗೆಟ್ಟು ಕಲಿತ ಪದ್ಯವನ್ನು ಬಿಡಲು ಕರ್ಣ ಒಪ್ಪುವುದಿಲ್ಲ. ಮುಂದಿನ ವರ್ಷ ಆ ಪದ್ಯ ಮರಳಿ ಬರುತ್ತದೆ, ಹಲವೊಮ್ಮೆ ಹಟಕ್ಕಾಗಿಯೇ.

ಮೋಜಿನಂತೆ ಕಂಡರೂ ಇದರಲ್ಲಿ ಹುರುಳಿದೆ. ಅನಿಮೇಷನ್ ಚಿತ್ರದಲ್ಲಿ ಹಾಡಿದವನಿಗೆ ತನ್ನ ಹಾಡಿನ ಮೇಲೆ ಹಕ್ಕಿಲ್ಲ. ಕತ್ತರಿಸುವುದೂ ಸೇರಿಸುವುದೂ ಸ್ಟುಡಿಯೋದ ಇಚ್ಛೆ. ಹಳ್ಳಿಯ ನಾಟಕದಲ್ಲಿ ಹಾಡಿಗೆ ವಾರಸುದಾರನಿದ್ದಾನೆ, ಕತ್ತರಿಸಿದ್ದಕ್ಕೆ ಸಾಕ್ಷಿಗಳಿದ್ದಾರೆ, ಮರಳಿ ಸೇರಿಸುವುದು ಊರಮುಂದೆ ಇತ್ಯರ್ಥವಾಗುವ ಸಂಗತಿ. ಜೊತೆಗೆ ದಾಖಲೆಯೂ ಇದೆ. ಮೇಷ್ಟ್ರ ಪುಸ್ತಕದಲ್ಲಿ ಬಿಟ್ಟ ಪದ್ಯದ ಮೇಲೆ ಅಡ್ಡಗೆರೆ, ಅಂಚಿನಲ್ಲಿ ರಾಗದ ಹೆಸರು, ಪಕ್ಕದಲ್ಲಿ ಆ ವರ್ಷದ ಪಾತ್ರಧಾರಿಯ ಹೆಸರು ಇರುತ್ತದೆ. ಅಡ್ಡಗೆರೆಯ ಕೆಳಗಿನ ಸಾಲು ಓದಲು ಬರುತ್ತದೆ. ಡಿಸ್ನಿಯ ಉಗ್ರಾಣದಲ್ಲಿರುವ ಕಾಗದಗಳಿಗಿಂತ ಈ ಪುಸ್ತಕ ಕಡಿಮೆಯದೆಂದು ನಾನು ಒಪ್ಪುವುದಿಲ್ಲ.

ಮುಳಬಾಗಿಲಿನ ಬಗ್ಗೆ ಒಂದು ಮಾತು ಇಲ್ಲಿ ಪಕ್ಕಕ್ಕೆ ಸರಿದು ಹೇಳಬೇಕೆನಿಸುತ್ತದೆ. 2025ರ ಜುಲೈ 25ರಂದು ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡಿತು. ಅರ್ಪಿಸಿದವರು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಕನ್ನಡದಲ್ಲಿ ನರಸಿಂಹನ ಪ್ರಾದುರ್ಭಾವವನ್ನು ದಂಡಕವಾಗಿ ಹಾಡಿದ ಶ್ರೀಪಾದರಾಜರು ಹದಿನೈದನೆಯ ಶತಮಾನದಲ್ಲಿ ನೆಲೆನಿಂತದ್ದು ಮುಳಬಾಗಿಲಿನಲ್ಲಿ. ಅವರ ವೃಂದಾವನ ಇರುವ ಜಾಗದ ಹೆಸರೇ ನರಸಿಂಹತೀರ್ಥ. ಚಿತ್ರಕ್ಕೂ ದಂಡಕಕ್ಕೂ ನೇರ ನಂಟಿದೆಯೆಂದು ನಾನು ವಾದಿಸುತ್ತಿಲ್ಲ. ಕಂಬ ಒಡೆಯುವ ದೃಶ್ಯಕ್ಕೆ ಕನ್ನಡದಲ್ಲಿ ಐನೂರು ವರ್ಷಗಳಿಂದ ಹಾಡು ಇದೆ, ಮುಂದೆ ಕನ್ನಡದಲ್ಲೇ ಅನಿಮೇಷನ್ ಕಟ್ಟುವವರು ಅದನ್ನು ಅರಿತಿರಲಿ ಎಂಬುದಷ್ಟೇ ನನ್ನ ಮಾತು.

ಇಷ್ಟರಿಂದ ಹೊರಡುವ ಕೆಲಸದ ಸಲಹೆ ಒಂದಿದೆ. ಮರಳಿ ಸೇರಿದ ಯಾವ ಹಾಡಿನ ಬಗ್ಗೆ ಬರೆಯುವಾಗಲೂ ಸಾಹಿತ್ಯ, ಮಟ್ಟು, ಕಂಠ, ಚಿತ್ರ ಈ ನಾಲ್ಕರಲ್ಲಿ ಯಾವುದು ಯಾವ ವರ್ಷದ್ದೆಂದು ಬೇರೆ ಬೇರೆಯಾಗಿ ಹೇಳಬೇಕು. ‘ಹ್ಯೂಮನ್ ಅಗೇನ್’ಗೆ ಹೀಗೆ ಬರೆದರೆ ನಾಲ್ಕೂ ಒಂದೇ ಕಾಲಕ್ಕೆ ಸೇರುವುದಿಲ್ಲ, ‘ಕ್ಲೇರ್ ದ ಲ್ಯೂನ್’ಗೆ ಬರೆದರೆ ನಾದವೂ ಚಿತ್ರವೂ ಒಂದೇ ಕಾಲಕ್ಕೆ ಕೂಡುತ್ತವೆ. ತೊಗಲುಗೊಂಬೆಯ ಹಾಡನ್ನು ಮರಳಿ ಆಟಕ್ಕೆ ತರುವವರೂ ಇದನ್ನೇ ಅನುಸರಿಸಬಹುದು: ಗೊಂಬೆ ಯಾವ ಕುಟುಂಬದ್ದು, ಹಾಡು ಯಾರ ಬಾಯಿಂದ ಬಂದದ್ದು, ತುಂಬಿಸಿದ ಸಾಲು ಯಾರದು. ಕಾರ್ಯಕ್ರಮದ ಕರಪತ್ರದಲ್ಲಿ ಎರಡು ಸಾಲು ಸಾಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಲ್ಲಿ ನಾಟಕದ ಮೇಷ್ಟ್ರುಗಳ ಮನೆಯವರು ಇದ್ದೇ ಇರುತ್ತೀರಿ. ಆ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ನೀಟಾಗಿ ಇನ್ನೊಂದು ಪುಸ್ತಕಕ್ಕೆ ಇಳಿಸುತ್ತೇವೆಂದು ಅಡ್ಡಗೆರೆ ಹೊಡೆದ ಪದ್ಯಗಳನ್ನು ಬಿಟ್ಟು ನಕಲು ಮಾಡಲೂ ಬೇಡಿ. ಮೊದಲ ಪುಟದಲ್ಲಿ ಊರು, ನಾಟಕ, ವರ್ಷ, ಮೇಷ್ಟ್ರ ಹೆಸರು ಬರೆದಿಡಿ. ಪದ್ಯ ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಕೈಯಲ್ಲಿರುವ ಫೋನಿನಲ್ಲೇ ಹಾಡಿಸಿ ಇಟ್ಟುಕೊಳ್ಳಿ. ಟಮಕದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುವ ಹುಡುಗ ಹುಡುಗಿಯರು ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ, ಈ ಪುಸ್ತಕಗಳನ್ನು ಊರೂರು ಅಲೆದು ಪಟ್ಟಿಮಾಡುವ ಕೆಲಸದಿಂದ ಶುರುಮಾಡಲಿ.